ಮೂರನೇ ಪಾಯಿಂಟ್

ಜನವರಿ ೬, ಸೋಮವಾರ

ರಜೆ ಮುಗಿದ ಮೊದಲ ದಿನವೇ ಹತ್ತನೇ ತರಗತಿಯ ಕೋಣೆ ನಾರುತ್ತಿತ್ತು. ತಲೆಯೆಣ್ಣೆ, ಬೆವರು, ಯಾರೋ ರಜೆಗೆ ಮುಂಚೆ ಡೆಸ್ಕಿನೊಳಗೆ ಮರೆತುಹೋದ ಊಟದ ಡಬ್ಬಿ. ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಇಟ್ಟೆ, ಕಿಟಕಿ ತೆಗೆಸಿದೆ, ಆಮೇಲೆ ಡಸ್ಟರಿನಿಂದ ಮೇಜು ಕುಟ್ಟಿದೆ. ನಲವತ್ತು ಹುಡುಗಿಯರು ಎದ್ದು ನಿಂತರು.

ನಮ್ಮ ಶಾಲೆಗೆ ಹೆಸರು ಬಂದಿರುವುದೇ ಈ ಪದ್ಧತಿಯಿಂದ. ಉತ್ತರದ ಮೊದಲ ಪದವನ್ನು ನಾನು ಎತ್ತಿಕೊಡುತ್ತೇನೆ, ಮಿಕ್ಕಿದ್ದನ್ನು ಇಡೀ ತರಗತಿ ಒಂದೇ ಉಸಿರಿಗೆ ಹೇಳುತ್ತದೆ. ದಿನಾ ಹೇಳಿಸಿ ಹೇಳಿಸಿ, ಪರೀಕ್ಷೆಯ ಹೊತ್ತಿಗೆ ನಿದ್ದೆಯಲ್ಲಿ ಚಿವುಟಿದರೂ ಬಾಯಿಗೆ ಬರಬೇಕು. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಎಂದು ಗಣಿತದವರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ನಾನು ಬಂದ ಮೇಲೆ ಭಾಷೆಯ ಪತ್ರಿಕೆಯಲ್ಲಿ ಒಬ್ಬಳೂ ಫೇಲಾಗಿಲ್ಲ. ಉತ್ತರಗಳೆಲ್ಲ ನಾನೇ ಬರೆದವು, ಒಂದು ಅಲ್ಪವಿರಾಮವನ್ನೂ ಯಾರೂ ಅಲ್ಲಾಡಿಸುವ ಹಾಗಿಲ್ಲ.

ಪಠ್ಯಕ್ಕೆ ಇಟ್ಟಿರುವ ಕಾದಂಬರಿ ಮಾತ್ರ ನನಗೆ ಹೇಸಿಗೆ. ಮುಂದೆ ಎಂದೋ ಒಂದು ಕಾಲದ ಊರು. ಒಳ್ಳೆಯವರಿಗೆ ಮುಚ್ಚಿಡುವುದೇನಿದೆ ಎಂದು ಸರ್ಕಾರ ಎಲ್ಲ ಮನೆಗಳ ಬಾಗಿಲನ್ನೂ ಕೀಳಿಸಿಬಿಡುತ್ತದೆ. ಸ್ನಾನ, ಜಗಳ, ಹೇಲು, ಉಚ್ಚೆ ಎಲ್ಲವೂ ಬೀದಿಗೆ. ಒಬ್ಬ ದರ್ಜಿಯ ಹೆಂಡತಿ ಹಾಸಿಗೆಯ ದುಪ್ಪಟವನ್ನೇ ಬಾಗಿಲಿಗೆ ಇಳಿಬಿಟ್ಟು ಶಿಕ್ಷೆ ಅನುಭವಿಸುತ್ತಾಳೆ. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಆರಿಸಿದವರ ತಲೆಯಲ್ಲಿ ಏನಿತ್ತೋ. ಇದರಿಂದ ಒಂದು ಪ್ರಶ್ನೆ ಪ್ರತಿ ವರ್ಷ ತಪ್ಪದೆ ಬರುತ್ತದೆ: ‘ಈ ಕಾದಂಬರಿಯಿಂದ ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಕಲಿಯಬಹುದಾದ ಪಾಠಗಳಾವುವು?’ ಐದು ಅಂಕ, ಐದು ಪಾಯಿಂಟ್.

ಇವತ್ತು ಮೂರನೆಯದಕ್ಕೆ ಬಂದಾಗ ಕೊನೆಯ ಬೆಂಚಿನ ಒಬ್ಬಳ ತುಟಿ ಅಲ್ಲಾಡಲಿಲ್ಲ. ಸದಾ ಉಗುರು ಕಚ್ಚುವ ಹುಡುಗಿ, ಬೆರಳ ತುದಿಗಳು ಹಸಿ ಗಾಯದ ಹಾಗೆ ಕೆಂಪಗಿರುತ್ತವೆ. ಒಂದು, ಎರಡು ಸರಿಯಾಗಿ ಹೇಳಿದಳು. ಮೂರಕ್ಕೆ ಬಾಯಿ ಮುಚ್ಚಿದಳು, ನಾಲ್ಕಕ್ಕೆ ಮತ್ತೆ ಸೇರಿಕೊಂಡಳು.

ಜನವರಿ ೯, ಗುರುವಾರ

ಮೂರು ದಿನವೂ ಅದೇ ಕತೆ. ಇವತ್ತು ಅವಳನ್ನು ಕಾರಿಡಾರಿಗೆ ಕರೆದೆ.

“ಮೂರನೇ ಪಾಯಿಂಟ್ ಬರಲ್ವಾ ನಿಂಗೆ?”

“ಬರುತ್ತೆ ಮೇಡಂ. ‘ಎಲ್ಲರೂ ಹೇಳುತ್ತಾರೆಂದು ನಾವೂ ಹೇಳಬಾರದು, ಸ್ವಂತವಾಗಿ ಯೋಚಿಸಬೇಕು.’”

“ಮತ್ತೆ ಕ್ಲಾಸಲ್ಲಿ ಯಾಕೆ ಹೇಳಲ್ಲ?”

ಕಿರುಬೆರಳನ್ನು ಬಾಯಿಗೆ ಹಾಕಿಕೊಂಡಳು. “ತೆಗಿ ಅದನ್ನ” ಎಂದೆ. ತೆಗೆದಳು, ಲಂಗಕ್ಕೆ ಒರೆಸಿದಳು. ಥೂ.

“ಅದನ್ನ ಎಲ್ಲರ ಜೊತೆ ಸೇರಿ ಹೇಳೋಕೆ ಒಂಥರಾ ಆಗುತ್ತೆ ಮೇಡಂ.”

“ಒಂಥರಾ ಅಂದ್ರೆ?”

“ನಗು ಬರುತ್ತೆ. ನಿಮಗೆ ಬರಲ್ವಾ?”

ಕೆನ್ನೆಗೆ ಬಾರಿಸಬೇಕು ಅನಿಸಿತು. ಆದರೆ ಆ ಎಣ್ಣೆಮುಖ ಮುಟ್ಟಲು ಮನಸ್ಸಾಗಲಿಲ್ಲ. ಕ್ಲಾಸಿಗೆ ಕಳಿಸಿದೆ.

ಸಂಜೆ ಮನೆಗೆ ಬಂದರೆ ನನ್ನ ಬಾಚಣಿಗೆಯಲ್ಲಿ ತಮ್ಮನ ಹೆಂಡತಿಯ ಕೂದಲು. ಬಟ್ಟೆ ಒಣಹಾಕುವ ಬಾಲ್ಕನಿಗೆ ನನ್ನ ಕೋಣೆಯ ಮೂಲಕವೇ ಹೋಗಬೇಕು. ಹೋಗುತ್ತಾ ಬರುತ್ತಾ ಕೈಗೆ ಸಿಕ್ಕಿದ್ದನ್ನು ಮುಟ್ಟುವುದು ಅವಳ ಅಭ್ಯಾಸ. “ಬಾಗಿಲು ಯಾಕಕ್ಕಾ ಹಾಕ್ತೀರಾ, ನಮ್ಮ ಮನೇಲಿ ನಾವೇ ಅಲ್ವಾ” ಎನ್ನುತ್ತಾಳೆ. ಬಾಗಿಲಿಗೆ ಚಿಲಕವಂತೂ ಮೊದಲಿನಿಂದಲೂ ಇಲ್ಲ. ತಮ್ಮ ಚಹಾ ಹೀರುವ ಸದ್ದು ಈ ಮೂಲೆಗೂ ಕೇಳುತ್ತದೆ.

ಜನವರಿ ೧೭, ಶುಕ್ರವಾರ

ಸ್ಟಾಫ್ ರೂಮಿನ ಲೋಟದಲ್ಲಿ ನೊಣ. ತೋರಿಸಿದರೆ ಗಣಿತದವರು ಬೆರಳು ಹಾಕಿ ಅದನ್ನು ತೆಗೆದು “ಈಗ ಕುಡೀರಿ” ಎಂದು ನಕ್ಕರು. ಮಿಕ್ಕವರೆಲ್ಲ ನಕ್ಕರು, ಅವರು ನಕ್ಕಿದ್ದರಿಂದ.

ಜನವರಿ ೨೦, ಸೋಮವಾರ

ಪ್ರಿನ್ಸಿಪಾಲರನ್ನು ಮಕ್ಕಳು ಇಸ್ತ್ರಿ ಎಂದು ಕರೆಯುತ್ತಾರೆ. ಅವರ ಬಟ್ಟೆಯಲ್ಲಿ ಒಂದು ಸುಕ್ಕು ಇರುವುದಿಲ್ಲ, ಬೇರೆಯವರಲ್ಲಿ ಇದ್ದರೆ ಬಿಡುವುದೂ ಇಲ್ಲ. ಮುಂದಿನ ತಿಂಗಳು ಮೊದಲ ವಾರ ಇನ್ಸ್‌ಪೆಕ್ಟರ್ ಬರುತ್ತಾರಂತೆ. ನಮ್ಮ ಪದ್ಧತಿ ನೋಡಿ ಬೇರೆ ಶಾಲೆಗಳಿಗೂ ಅದನ್ನೇ ಹೇಳುತ್ತಾರಂತೆ. ಆ ಶಾಲೆಗಳಿಗೆ ಕಳಿಸಲು ಐದೂ ಪಾಯಿಂಟನ್ನು ನನ್ನ ಬಾಯಿಂದ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. “ನಿಮ್ಮ ಕಂಠ ಅಂದ್ರೆ ಕಂಠ” ಎಂದು ಹೊಗಳಿದರು. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ.

ಉಗುರು ಕಚ್ಚುವವಳ ವಿಷಯವೂ ಬಂತು. ಯಾರು ಹೇಳಿದ್ದರೋ. “ಆ ದಿನ ಅವಳಿಗೆ ರಜೆ ಕೊಟ್ಟುಬಿಡಿ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ.”

“ಬೇಡ ಮೇಡಂ, ಹಿಂದಿನ ಸಾಲಲ್ಲಿ ನಿಲ್ಲಿಸ್ತೀನಿ, ಯಾರಿಗೂ ಕಾಣಲ್ಲ” ಎಂದೆ. ಅವಳ ಮೇಲಿನ ಕನಿಕರದಿಂದ ಅಲ್ಲ. ನನ್ನ ತರಗತಿಯಿಂದ ಒಬ್ಬಳನ್ನು ಬಚ್ಚಿಡಬೇಕಾದರೆ ನನ್ನ ಪಾಠಕ್ಕೆ ಏನು ಬೆಲೆ?

ಫೆಬ್ರವರಿ ೩, ಸೋಮವಾರ

ಬಂದರು. ಇನ್ಸ್‌ಪೆಕ್ಟರಿಗೆ ನೆಗಡಿ. ಕರವಸ್ತ್ರದಲ್ಲಿ ಮೂಗು ಹಿಂಡಿ, ಅದೇ ಕೈಯಲ್ಲಿ ಮುಂದಿನ ಸಾಲಿನ ಮಕ್ಕಳ ತಲೆ ಸವರಿದರು. ಮಕ್ಕಳು ಮುಗುಳ್ನಕ್ಕರು. ನಾನೇ ಕಲಿಸಿದ ಮುಗುಳ್ನಗೆ.

“ಪುಸ್ತಕದಲ್ಲಿರೋದು ಬೇಡ ಮಕ್ಕಳೇ. ನಿಮ್ಮ ನಿಮ್ಮ ಸ್ವಂತ ಮಾತಲ್ಲಿ ಹೇಳಿ, ಈ ಕಾದಂಬರಿಯಿಂದ ಏನು ಕಲಿತ್ರಿ?”

ನಲವತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ಪ್ರಿನ್ಸಿಪಾಲರೂ ನನ್ನನ್ನೇ ನೋಡಿದರು. ಕೈ ಅಭ್ಯಾಸಬಲದಿಂದ ಡಸ್ಟರ್ ಎತ್ತಿತು. ಐದನ್ನೂ ಹೇಳಿಸಲು ಹೊತ್ತಿಲ್ಲವೆಂದು, ಎಲ್ಲಕ್ಕಿಂತ ಚೆನ್ನಾಗಿರುವುದನ್ನೇ ಎತ್ತಿಕೊಟ್ಟೆ: “ಮೂರನೆಯದಾಗಿ...”

“ಎಲ್ಲರೂ ಹೇಳುತ್ತಾರೆಂದು ನಾವೂ ಹೇಳಬಾರದು! ಸ್ವಂತವಾಗಿ ಯೋಚಿಸಬೇಕು!”

ಕಿಟಕಿಯ ಗಾಜು ಅದುರಿತು. ಇನ್ಸ್‌ಪೆಕ್ಟರ್ ಚಪ್ಪಾಳೆ ತಟ್ಟಿದರು. “ಶಭಾಷ್! ಎಷ್ಟು ಸ್ವಂತವಾಗಿ ಯೋಚಿಸ್ತಾರೆ ನೋಡಿ ಮಕ್ಕಳು!” ಪ್ರಿನ್ಸಿಪಾಲರೂ ತಟ್ಟಿದರು, ಬಾಗಿಲಲ್ಲಿ ನಿಂತಿದ್ದ ಗಣಿತದವರೂ ತಟ್ಟಿದರು. ನಾನೂ ತಟ್ಟಿದೆನೆಂದು ಕಾಣುತ್ತದೆ, ಕೈಯಲ್ಲಿದ್ದ ಡಸ್ಟರಿನ ಸೀಮೆಸುಣ್ಣದ ಪುಡಿ ಮುಖಕ್ಕೆಲ್ಲ ಹಾರಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇನ್ಸ್‌ಪೆಕ್ಟರ ಕಣ್ಣು ಹಿಂದಿನ ಸಾಲಿಗೆ ಹೋಯಿತು.

“ನೀನ್ಯಾಕಮ್ಮಾ ಸುಮ್ನೆ ನಿಂತಿದ್ದೆ? ಮರೆತುಹೋಯ್ತಾ?”

“ಇಲ್ಲ ಸಾರ್” ಎಂದಳು ಉಗುರು ಕಚ್ಚುವವಳು. “ಅವರು ಹೇಳ್ತಾ ಇದ್ರು. ನಾನು ಮಾಡ್ತಾ ಇದ್ದೆ.”

ಇನ್ಸ್‌ಪೆಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೂಗೊರೆಸಿಕೊಂಡರು. ಪ್ರಿನ್ಸಿಪಾಲರ ಮುಖದಲ್ಲಿ ಮೊದಲ ಸಲ ಸುಕ್ಕು ಕಂಡೆ.

ಎಂಥ ಅಧಿಕಪ್ರಸಂಗಿ! ಹೊರಗಿನವರ ಎದುರಿಗೆ, ನನ್ನ ತರಗತಿಯಲ್ಲಿ! ಮೈಯೆಲ್ಲ ಉರಿಯಿತು. ಮನೆಗೆ ಬಂದು ಸ್ನಾನ ಮಾಡಿದರೂ ಸೀಮೆಸುಣ್ಣದ ಪುಡಿ ಹೋದ ಹಾಗಿಲ್ಲ, ಗಂಟಲೊಳಗೂ ಇಳಿದಂತಿದೆ.

ಫೆಬ್ರವರಿ ೪, ಮಂಗಳವಾರ

ಬೆಳಿಗ್ಗೆ ಒಂದು, ಎರಡು ಆಯಿತು. “ಮೂರನೆಯದಾಗಿ” ಎನ್ನಲು ಹೋದರೆ ಗಂಟಲು ಕಟ್ಟಿತು. ಆ ಇನ್ಸ್‌ಪೆಕ್ಟರ ನೆಗಡಿಯೇ ತಗುಲಿರಬೇಕು, ಕೊಳಕ. “ಮೂರನೇದು ಹೇಗೂ ಬರುತ್ತಲ್ಲ, ನಾಲ್ಕಕ್ಕೆ ಹೋಗಿ” ಎಂದೆ. ನಾಲ್ಕು ಹೇಳಿಸುವಾಗ ಗಂಟಲು ಸರಿಯಾಗಿಯೇ ಇತ್ತು. ವಿಚಿತ್ರ ನೆಗಡಿ.

ಫೆಬ್ರವರಿ ೬, ಗುರುವಾರ

ಆ ಹುಡುಗಿಯ ತಾಯಿ ಬಂದಿದ್ದಳು. ಆಸ್ಪತ್ರೆಯಲ್ಲಿ ಆಯಾ ಕೆಲಸ. ಫಿನಾಯಿಲಿನ ವಾಸನೆ ಅವಳಿಗಿಂತ ಮುಂಚೆ ಸ್ಟಾಫ್ ರೂಮಿಗೆ ಬಂತು. ಪ್ರಿನ್ಸಿಪಾಲರು ಅವಳನ್ನು ಕರೆಸಿ, ಮಗಳ ಹೆಸರನ್ನು ಶಾಲೆಯಿಂದ ತೆಗೆಯುತ್ತೇವೆ, ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆ ಕಟ್ಟಲಿ ಎಂದಿದ್ದಾರೆ. ಕ್ಲಾಸ್ ಟೀಚರ್ ಒಪ್ಪದೆ ಹೆಸರು ತೆಗೆಯುವ ಹಾಗಿಲ್ಲ ಎಂಬುದು ನಮ್ಮ ಶಾಲೆಯ ಹಳೆಯ ನಿಯಮ. ಕ್ಲಾಸ್ ಟೀಚರ್ ನಾನು. ಅದಕ್ಕೇ ನನ್ನ ಹತ್ತಿರ ಬಂದಿದ್ದಳು.

“ಒಂದು ವರ್ಷ ನಿಂತ್ರೆ ನಿಂತ್ಹಾಗೇ ಮೇಡಂ. ಅವರಪ್ಪ ಮತ್ತೆ ಕಳಿಸಲ್ಲ. ನನ್ನ ಪಕ್ಕದಲ್ಲೇ ನೆಲ ಒರೆಸೋಕೆ ಸೇರಿಸ್ತಾರೆ. ಅಲ್ಲಿ ಕೇಳಿಯೂ ಆಗಿದೆ.”

“ನೀವು ಮಗಳಿಗೆ ಬುದ್ಧಿ ಹೇಳಬೇಕಿತ್ತು” ಎಂದೆ.

“ಹೇಳಿದೀನಿ ಮೇಡಂ. ಅವಳು ಚಿಕ್ಕೋಳಿದ್ದಾಗ್ಲಿಂದ ಹಂಗೇ. ಔಷಧಿ ಬೇಡ ಅನ್ಸಿದ್ರೆ ಕೆನ್ನೇಲಿ ಇಟ್ಕೊಂಡು ಕೂತಿರೋಳು. ಮೂಗು ಹಿಡಿದ್ರೂ ನುಂಗ್ತಿರಲಿಲ್ಲ. ಉಗುಳ್ತಾನೂ ಇರ್ಲಿಲ್ಲ, ಪಾಪ. ನಾನು ಬೈತೀನಿ ಅಂತ.”

ಮೇಜಿನ ಮೇಲೆ ಇಟ್ಟ ಅವಳ ಬೆರಳು ನೋಡಿದೆ. ಫಿನಾಯಿಲಿಗೆ ಚರ್ಮ ಸುಲಿದು ಮಗಳ ಬೆರಳಿಗಿಂತ ಕೆಂಪಗಿತ್ತು. ನೋಡಲಾಗದೆ “ನೋಡೋಣ” ಎಂದು ಕಳಿಸಿದೆ. ಹೋಗುವಾಗ ಕುರ್ಚಿಯನ್ನು ತನ್ನ ಸೆರಗಿನಿಂದ ಒರೆಸಿದಳು, ತಾನು ಕೂತಿದ್ದಕ್ಕೆ. ಅದು ಮಾತ್ರ ನನಗೆ ಸಹಿಸಲಾಗಲಿಲ್ಲ.

ಫೆಬ್ರವರಿ ೭, ಶುಕ್ರವಾರ

ಪಾಠ ಮಾಡಲು ಬೇಕೆಂದು ಕಾದಂಬರಿಯ ಆ ಭಾಗ ಮತ್ತೆ ತೆರೆದೆ. ಇಷ್ಟು ವರ್ಷ ನಾನು ಓದುತ್ತಿದ್ದುದು ನನ್ನ ಉತ್ತರಗಳನ್ನು, ಪುಸ್ತಕವನ್ನಲ್ಲ ಎಂದು ಕಾಣುತ್ತದೆ. ‘ಕ್ರೂರ ಸರ್ಕಾರದ ಸೈನಿಕರು ಆಕೆಯ ದುಪ್ಪಟವನ್ನು ಹರಿದರು’ ಎಂದು ಎರಡನೇ ಪಾಯಿಂಟಿನಲ್ಲಿ ಬರೆದಿದ್ದೇನೆ. ಪುಸ್ತಕದಲ್ಲಿ ಸೈನಿಕರೇ ಇಲ್ಲ. ಹರಿಯುವವರು ಅಕ್ಕಪಕ್ಕದ ಮನೆಯವರು. ಹೆಗಲ ಮೇಲೆ ಟವೆಲು ಹಾಕಿಕೊಂಡು, ಹಲ್ಲುಜ್ಜುತ್ತಾ ಬಂದು, “ನಿನ್ನ ಒಳ್ಳೇದಕ್ಕೇ ಕಣಮ್ಮಾ” ಎನ್ನುತ್ತಾ ಹರಿಯುತ್ತಾರೆ. ಒಬ್ಬಳು ಒಳ್ಳೆಯ ಬಟ್ಟೆ ಹಾಳಾಗದಿರಲಿ ಎಂದು ಕತ್ತರಿ ತಂದುಕೊಡುತ್ತಾಳೆ.

ಆ ಟೂತ್‌ಪೇಸ್ಟಿನ ನೊರೆ ಕಣ್ಣಿಗೆ ಕಟ್ಟಿದಂತಾಗಿ ಊಟ ಸೇರಲಿಲ್ಲ. ಇಂಥ ಪುಸ್ತಕ ಬರೆಯುವವರಿಗೆ ಬೇರೆ ಕೆಲಸವಿಲ್ಲ.

ಫೆಬ್ರವರಿ ೯, ಭಾನುವಾರ

ಹಾರ್ಡ್‌ವೇರ್ ಅಂಗಡಿಯಿಂದ ಒಂದು ಚಿಲಕ ತಂದು ಬಡಗಿಯಿಂದ ಹಾಕಿಸಿದೆ. ಗಾಳಿಗೆ ಬಾಗಿಲು ಸುಮ್ಮನೆ ಬಡಿದುಕೊಳ್ಳುತ್ತದೆ.

ತಮ್ಮನ ಹೆಂಡತಿ ಬಟ್ಟೆಯ ಬಕೆಟ್ ಹಿಡಿದುಕೊಂಡು ನಿಂತೇ ನೋಡಿದಳು. “ಯಾಕಕ್ಕಾ, ನಾವೇನು ಕಳ್ಳರಾ?”

“ಗಾಳಿ” ಎಂದೆ.

ತಮ್ಮ ಮೊಬೈಲಿನಿಂದ ತಲೆ ಎತ್ತದೆ “ಇಷ್ಟು ವರ್ಷ ಇಲ್ಲದ್ದು ಗಾಳಿ?” ಎಂದ. ಬಾಲ್ಕನಿಗೆ ಹೋಗಬೇಕಾದರೆ ಬಾಗಿಲು ತಟ್ಟಿ, ತೆಗೆಯುತ್ತೇನೆ ಎಂದೆ. ಮನೆಯಲ್ಲಿ ಇಡೀ ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದಾಯಿತು, ಚಹಾ ಹೀರುವ ಸದ್ದಾದರೂ ಮುಚ್ಚಿದ ಬಾಗಿಲ ಆಚೆಗೆ ಉಳಿಯಿತು.

ಫೆಬ್ರವರಿ ೧೨, ಬುಧವಾರ

ಮೀಟಿಂಗ್. ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೆವು. ಗಣಿತದವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ತಳಕ್ಕಿಳಿದು, ಅದನ್ನು ಚಮಚದಿಂದ ಬಗೆಯುತ್ತಿದ್ದರು.

“ಆ ಹುಡುಗಿ ವಿಷಯ” ಎಂದರು ಪ್ರಿನ್ಸಿಪಾಲರು. “ಪರೀಕ್ಷೇಲೂ ಏನಾದ್ರೂ ತಲೆಹರಟೆ ಬರೆದು ಫೇಲಾದ್ರೆ ನಮ್ಮ ರಿಸಲ್ಟ್ ಹೋಯ್ತು. ಈ ಕ್ಲಾಸಿನ ಒತ್ತಡ ಅವಳಿಗೆ ಆಗ್ತಿಲ್ಲ. ಮುಂದಿನ ವರ್ಷ ನಿಧಾನವಾಗಿ ಬರೀಲಿ. ಅವಳ ಒಳ್ಳೇದಕ್ಕೇ. ಏನಂತೀರಾ?”

“ಹೌದು ಮೇಡಂ” ಎಂದರು ಗಣಿತದವರು, ಬಾಯಲ್ಲಿ ಬಿಸ್ಕತ್ತು.

“ಹೌದು ಮೇಡಂ” ಎಂದರು ವಿಜ್ಞಾನದವರು, ಸಮಾಜದವರು, ಡ್ರಿಲ್ ಮೇಷ್ಟ್ರು. ಒಂದೇ ತಾಳದಲ್ಲಿ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನನ್ನ ತರಗತಿಯ ಹಾಗೇ, ಡಸ್ಟರ್ ಕುಟ್ಟುವವರು ಮಾತ್ರ ಬೇರೆ.

“ಎಲ್ಲರೂ ಒಪ್ಪಿದ ಹಾಗಾಯ್ತು. ಅಲ್ವಾ?” ಎಂದು ನನ್ನ ಕಡೆ ನೋಡಿದರು.

ಹೌದು ಎನ್ನಬೇಕೆಂದೇ ಬಾಯಿ ತೆರೆದೆ, ಇದನ್ನು ಇಲ್ಲಿ ಬರೆದಿಡುತ್ತೇನೆ. ಅಷ್ಟರಲ್ಲಿ ಗಣಿತದವರು ಚಮಚ ನೆಕ್ಕಿದರು. ಆ ಬಾಯಿಯ ಜೊತೆ ನನ್ನ ಬಾಯಿ ಸೇರಿಸಲು ಎಂಥ ಅಸಹ್ಯವಾಯಿತೆಂದರೆ ಪದ ನಾಲಿಗೆಯ ಮೇಲೇ ನಿಂತಿತು. ಕೆನ್ನೆಯಲ್ಲಿ ಔಷಧಿ ಇಟ್ಟುಕೊಂಡ ಹಾಗೆ.

“ಇಲ್ಲ” ಎಂದೆ.

“ಏನು ಇಲ್ಲ?”

“ನಾನು ಒಪ್ಪಲ್ಲ. ಅವಳು ಈ ವರ್ಷವೇ ಬರೀತಾಳೆ.”

“ಫೇಲಾದ್ರೆ?”

“ಆಗ್ಲಿ.”

ಹೀಗೆ ಹೇಳಿದವಳು ನಾನೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಡ್ರಿಲ್ ಮೇಷ್ಟ್ರು ಕೆಮ್ಮಿದರು. ಪ್ರಿನ್ಸಿಪಾಲರು ತಮ್ಮ ತೋಳಿನ ಮೇಲಿಲ್ಲದ ಸುಕ್ಕನ್ನು ಸವರಿಕೊಂಡರು. ಆ ಹುಡುಗಿ ಫೇಲಾದರೆ ಅದರ ಹೊಣೆ ನನ್ನದಂತೆ. ನಾಳೆಯಿಂದ ನಾನು ಆರನೇ ತರಗತಿಗೆ ಹೋಗಬೇಕಂತೆ. ನನ್ನ ಹತ್ತನೇ ತರಗತಿ ಗಣಿತದವರಿಗೆ.

ಆ ಬಿಸ್ಕತ್ತಿನ ಗಲೀಜು ಇಲ್ಲದಿದ್ದರೆ ನಾನೂ ಹೌದು ಎನ್ನುತ್ತಿದ್ದೆ. ದರಿದ್ರ ಬಿಸ್ಕತ್ತು.

ಫೆಬ್ರವರಿ ೧೮, ಮಂಗಳವಾರ

ಆರನೇ ತರಗತಿಯ ಮಕ್ಕಳ ಮೂಗು ಸೋರುತ್ತದೆ. ಮೇಜು ಕುಟ್ಟಲು ಡಸ್ಟರ್ ಎತ್ತಿದೆ, ಮತ್ತೆ ಕೆಳಗಿಟ್ಟೆ. ಪದ್ಯ ಓದಿ “ಯಾರಿಗೆ ಏನನ್ನಿಸ್ತು?” ಎಂದು ಕೇಳಿದೆ. ಒಬ್ಬಳು “ಬೋರ್” ಎಂದಳು. ಇನ್ನೊಬ್ಬಳು “ಇಲ್ಲ, ಕೊನೇ ಸಾಲು ಚೆನ್ನಾಗಿದೆ” ಎಂದಳು. ಇಬ್ಬರೂ ಜಗಳಕ್ಕೆ ಬಿದ್ದರು. ಗಲಾಟೆಯೋ ಗಲಾಟೆ. ಗಂಟೆ ಹೊಡೆದದ್ದೂ ಕೇಳಲಿಲ್ಲ.

ಆಗ ಕಾರಿಡಾರಿನ ಆ ತುದಿಯಿಂದ ನನ್ನ ದನಿ ಬಂತು. ಗಣಿತದವರಿಗೆ ಉತ್ತರಗಳು ಬರುವುದಿಲ್ಲ, ಅದಕ್ಕೆ ಪ್ರಿನ್ಸಿಪಾಲರು ಹತ್ತನೇ ತರಗತಿಯಲ್ಲಿ ಸ್ಪೀಕರ್ ಇಟ್ಟು ಆ ರೆಕಾರ್ಡಿಂಗ್ ಹಾಕಿಸುತ್ತಿದ್ದಾರೆ. “ಎಲ್ಲರೂ ಹೇಳುತ್ತಾರೆಂದು ನಾವೂ ಹೇಳಬಾರದು” ಎಂದು ನಾನು ಹೇಳಿದೆ. ಅವರೆಲ್ಲರೂ ಹೇಳಿದರು. ಮತ್ತೆ ನಾನು ಹೇಳಿದೆ. ಮತ್ತೆ ಅವರು.

ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇಷ್ಟು ಜನರ ಉಗುಳು, ಸಿಂಬಳ, ಎಂಜಲು ಕಂಡು ಹೇಸಿದ್ದೇನೆ, ಯಾವತ್ತೂ ಹೊಟ್ಟೆ ಕಿವುಚಿ ಬಂದಿರಲಿಲ್ಲ. ಎಂಥ ಒಣ, ಇಸ್ತ್ರಿ ಹಾಕಿದ ದನಿ ನನ್ನದು! ಅದನ್ನು ಕಂಠವೆಂದು ಹೊಗಳಿಸಿಕೊಂಡೆನಲ್ಲ.

ಮುಖ ತೊಳೆದು ಬರುವಾಗ ಹತ್ತನೇ ತರಗತಿಯ ಕಿಟಕಿ ಹಾದು ಬರಬೇಕಾಯಿತು. ಕೊನೆಯ ಬೆಂಚಿನವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು. ಉಗುರು ಕಚ್ಚುತ್ತಿರಲಿಲ್ಲ. ಅದೊಂದು ಸಮಾಧಾನ.

ಮಾರ್ಚ್ ೩, ಸೋಮವಾರ

ನನ್ನ ಐದು ಪಾಯಿಂಟ್ ಬಿಟ್ಟು ಆ ಪ್ರಶ್ನೆಗೆ ನಾನೇ ಒಂದು ಉತ್ತರ ಬರೆಯೋಣವೆಂದು ಕೂತೆ. ಎರಡನೇ ಪಾಯಿಂಟ್ ಹೇಗೂ ತಪ್ಪು, ತಿದ್ದಬೇಕಲ್ಲ. ಮೊದಲ ವಾಕ್ಯ ಬರೆದು ನೋಡಿದರೆ ಅದು ನನ್ನ ಒಂದನೇ ಪಾಯಿಂಟೇ. ಹೊಡೆದುಹಾಕಿದೆ. ಮತ್ತೊಂದು ಬರೆದೆ, ಅದು ನಾಲ್ಕನೆಯದು. ಹಾಳೆ ಕೊಳಕಾಯಿತು. ಹರಿದೆ.

ಮಾರ್ಚ್ ೨೧, ಶುಕ್ರವಾರ

ಇವತ್ತು ಭಾಷೆಯ ಪರೀಕ್ಷೆ. ಆ ವಿಷಯದ ಟೀಚರನ್ನು ಪರೀಕ್ಷೆಯ ಕೋಣೆಯೊಳಗೆ ಬಿಡುವುದಿಲ್ಲ, ಹಾಗಾಗಿ ಗೇಟಿನ ಹತ್ತಿರ ನಿಂತಿದ್ದೆ. ಬಿಸಿಲಿಗೆ ಚರಂಡಿ ನಾರುತ್ತಿತ್ತು. ಆ ಹುಡುಗಿಯ ತಾಯಿಯೂ ಸ್ವಲ್ಪ ದೂರದಲ್ಲಿ ನಿಂತಿದ್ದಳು, ಆಸ್ಪತ್ರೆಯ ಕೆಲಸದ ಬಟ್ಟೆಯಲ್ಲೇ. ಅವಳು ತನ್ನ ನೀರಿನ ಬಾಟಲಿ ನನ್ನ ಕಡೆ ಚಾಚಿದಳು. ಬೇರೆಯವರ ಬಾಟಲಿಗೆ ನಾನು ಬಾಯಿ ಇಡುವವಳಲ್ಲ. ಬಾಯಾರಿತ್ತು, ಕುಡಿದೆ.

ಗಂಟೆಯಾದೊಡನೆ ನನ್ನ ಹಳೆಯ ತರಗತಿ ಓಡಿಬಂದು ಸುತ್ತುವರಿಯಿತು. “ಮೇಡಂ, ಬಂತು! ನಿಮ್ಮ ಪ್ರಶ್ನೆ ಬಂತು! ಐದೂ ಬರೆದ್ವಿ!” ಎಲ್ಲರೂ ಒಂದೇ ದನಿಯಲ್ಲಿ. ಚೆನ್ನಾಗಿರಲಿ. ಅಂಕ ಬರುತ್ತದೆ ಅವರಿಗೆ. ಎರಡನೆಯದು ತಪ್ಪಿದ್ದರೂ ಬರುತ್ತದೆ.

ಕೊನೆಯಲ್ಲಿ ಅವಳು ಬಂದಳು. ಬೆರಳಿಗೆಲ್ಲ ಶಾಯಿ, ಕೆನ್ನೆಗೂ. ಅಮ್ಮನ ಹತ್ತಿರ ಹೋಗುವ ಮುಂಚೆ ನನ್ನ ಎದುರು ನಿಂತಳು.

“ಬರೆದ್ಯಾ?” ಎಂದೆ.

“ಬರೆದೆ ಮೇಡಂ. ಹಾಳೆ ಸಾಲ್ಲಿಲ್ಲ, ಇನ್ನೊಂದು ಇಸ್ಕೊಂಡೆ.”

“ಏನಂತ ಬರೆದೆ?”

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಸುಳಿವೂ ಕೊಡದ ಒಂದು ನಗೆ ನಕ್ಕಳು.

“ಹೇಳಲ್ಲ ಮೇಡಂ.”

ಉದ್ಧಟತನ! ಪಾಸಾಗುತ್ತಾಳೋ ಇಲ್ಲವೋ, ನೆಲ ಒರೆಸುವ ಕೆಲಸ ಕಾದಿದೆಯೋ ಏನೋ, ಅದರ ಮೇಲೆ ಈ ಜಂಭ. ತಾಯಿಮಗಳು ಚರಂಡಿ ದಾಟಿ ಹೋಗುವವರೆಗೂ ಅಲ್ಲೇ ನಿಂತಿದ್ದೆ. ಅವಳು ಏನು ಬರೆದಿರಬಹುದೆಂದು ದಾರಿಯುದ್ದಕ್ಕೂ ಊಹಿಸಿದೆ, ಒಂದೂ ಹೊಳೆಯಲಿಲ್ಲ. ನಗು ಬಂತು, ರಸ್ತೆಯಲ್ಲೇ, ಒಬ್ಬಳೇ. ಯಾರಾದರೂ ನೋಡಿದರೋ ಏನೋ, ನಾನು ಗಮನಿಸಲಿಲ್ಲ.

ಮನೆಗೆ ಬಂದಾಗಿನಿಂದ ಬರೆಯುತ್ತಾ ಕೂತಿದ್ದೇನೆ. ಈಗಷ್ಟೇ ತಮ್ಮನ ಹೆಂಡತಿ ಬಾಗಿಲು ತಟ್ಟಿದಳು. ಬಟ್ಟೆ ಎತ್ತುವುದಕ್ಕಲ್ಲ, ಅದು ನಾನು ಬರುವ ಮುಂಚೆಯೇ ಆಗಿದೆ.

“ಅಕ್ಕಾ, ಆಗ್ಲಿಂದ ಒಳಗೆ ಒಬ್ರೇ ಕೂತ್ಕೊಂಡು ಏನ್ ಮಾಡ್ತಿದೀರಾ?”

“ಹೇಳಲ್ಲ” ಎಂದೆ.

ಇವತ್ತು ಎಲ್ಲೂ ಗಾಳಿ ಇಲ್ಲ. ಚಿಲಕ ಹಾಕಿಯೇ ಇದೆ.